ಒಂದು ಬೆಡ್‌ರೂಮ್ ಮನೆ, ಬೆಂಗಳೂರಿನಿಂದ ಪುಣೆಗೆ: ಕಡಿಮೆ ಖರ್ಚಿನಲ್ಲಿ ಸಾಗಿಸಿದ ಬಗೆ

ಬೆಂಗಳೂರಿನ ವಿಜಯನಗರದ ಬಾಡಿಗೆ ಮನೆ ಬಿಟ್ಟು ಪುಣೆಯ ಹಡಪ್ಸರಕ್ಕೆ ಬಂದು, ಕೊನೆಯ ಡಬ್ಬ ಬಿಚ್ಚಿ ಈಗಷ್ಟೇ ಉಸಿರು ಬಿಟ್ಟಿದ್ದೇವೆ. ಮನೆಯಲ್ಲಿ ನಾನು ಮತ್ತು ಅಮ್ಮ, ಇಬ್ಬರೇ. ನನಗೆ ಕೆಲಸ ಕೊಟ್ಟ ಕಂಪನಿ ಚಿಕ್ಕದು. ಸಾಗಣೆ ಖರ್ಚು ಕೊಡುವುದಿಲ್ಲ ಎಂದು ಮೊದಲೇ ಹೇಳಿದ್ದರು. ಹಾಗಾಗಿ ಒಂದೊಂದು ರೂಪಾಯಿಯನ್ನೂ ನೋಡಿಕೊಂಡೇ ಈ ಕೆಲಸ ಮಾಡಬೇಕಾಯಿತು. ಬೇಕಾದ ಮಾಹಿತಿ ಒಂದೇ ಕಡೆ ಸಿಗದೆ ತುಂಬ ಒದ್ದಾಡಿದೆವು. ಇದೇ ದಾರಿಯಲ್ಲಿ ಬರುವವರಿಗೆ ಆ ಒದ್ದಾಟ ಬೇಡ ಎಂದು ಬರೆಯುತ್ತಿದ್ದೇನೆ.

ಮೊದಲು ಪ್ಯಾಕರ್ಸ್ ಅಂಡ್ ಮೂವರ್ಸ್‌ನವರ ಹತ್ತಿರ ದರ ಕೇಳಿದೆ. ಮನೆಯನ್ನೇ ನೋಡದೆ ಫೋನಿನಲ್ಲಿ 14,500 ಎಂದವರಿದ್ದರು. ಬಂದು ನೋಡಿ 26,000 ಎಂದವರಿದ್ದರು. ಸ್ಕೂಟರ್ ಸೇರಿಸಿ 42,000 ಎಂದವರೂ ಇದ್ದರು. ಅದೇ ಮನೆ, ಅದೇ ಸಾಮಾನು. ಇಷ್ಟು ವ್ಯತ್ಯಾಸ ಯಾಕೆ ಎಂದು ಮನೆಗೆ ಬಂದ ಒಬ್ಬರನ್ನು ಕೂರಿಸಿ, ಕಾಫಿ ಕೊಟ್ಟು ಕೇಳಿದೆ. ಅವರು ಬಿಡಿಸಿ ಹೇಳಿದರು. ಬೆಂಗಳೂರಿನಿಂದ ಪುಣೆಗೆ ಸುಮಾರು 840 ಕಿಲೋಮೀಟರ್. ಅಷ್ಟು ದೂರಕ್ಕೆ ಒಂದು ಸಣ್ಣ ಮನೆಗೋಸ್ಕರ ಪೂರ್ತಿ ಲಾರಿ ಹೋದರೆ ಯಾರಿಗೂ ಕಟ್ಟುವುದಿಲ್ಲ. ಅದಕ್ಕೇ ಎರಡು ಮೂರು ಮನೆಯ ಸಾಮಾನು ಒಂದೇ ಲಾರಿಗೆ ಹಾಕುತ್ತಾರೆ. ಅದಕ್ಕೆ ಪಾರ್ಟ್ ಲೋಡ್ ಎನ್ನುತ್ತಾರೆ. ನಾವು ಕೊಡುವ ದುಡ್ಡು ಆ ಲಾರಿಯಲ್ಲಿ ನಮ್ಮ ಸಾಮಾನು ಹಿಡಿಯುವ ಜಾಗಕ್ಕೆ. ಸಾಮಾನಿನ ಬೆಲೆ ಎಷ್ಟು, ತೂಕ ಎಷ್ಟು ಎಂಬುದು ಅಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಸೋಫಾ ಹಗುರ ಇರಬಹುದು, ಆದರೆ ಲಾರಿಯ ಒಂದು ಮೂಲೆ ಪೂರ್ತಿ ತಿನ್ನುತ್ತದೆ.

ರೈಲ್ವೆ ಪಾರ್ಸೆಲ್ಲಿನಲ್ಲಿ ಇದು ಹೆಚ್ಚು ಕಡಿಮೆ ಉಲ್ಟಾ. ಅಲ್ಲಿ ಮುಖ್ಯವಾಗಿ ತೂಕ ನೋಡುತ್ತಾರೆ. ಪುಸ್ತಕ, ಸ್ಟೀಲ್ ಪಾತ್ರೆ, ಹಿತ್ತಾಳೆ ಸಾಮಾನು, ಇವೆಲ್ಲ ಭಾರ ಆದರೂ ಸಣ್ಣ ಗಂಟಿನಲ್ಲಿ ಮುಗಿಯುತ್ತವೆ, ಒಡೆಯುವ ಭಯವೂ ಇಲ್ಲ. ರೈಲಿಗೆ ಇವೇ ಸರಿ. ಫ್ರಿಜ್, ವಾಷಿಂಗ್ ಮಷೀನ್, ಬೀರು ಲಾರಿಗೆ. ಈ ಒಂದು ವಿಂಗಡಣೆಯಿಂದಲೇ ನಮ್ಮ ಖರ್ಚು ದೊಡ್ಡ ಮಟ್ಟದಲ್ಲಿ ಇಳಿಯಿತು. ಆದ್ದರಿಂದ ಯಾರಿಗಾದರೂ ಫೋನ್ ಮಾಡುವ ಮೊದಲು ಮನೆಯ ಸಾಮಾನನ್ನು ಮೂರು ಪಾಲು ಮಾಡಿ: ಲಾರಿಗೆ, ರೈಲಿಗೆ, ಇಲ್ಲೇ ಬಿಡುವುದಕ್ಕೆ.

ಇಲ್ಲೇ ಬಿಡುವ ಪಾಲು ಎಲ್ಲಕ್ಕಿಂತ ಕಷ್ಟದ್ದು. ನಾನು ಒಂದು ಲೆಕ್ಕ ಇಟ್ಟುಕೊಂಡೆ. ಒಂದು ವಸ್ತುವನ್ನು ಸಾಗಿಸಲು ಆಗುವ ಖರ್ಚು, ಅಲ್ಲಿ ಅಂಥದ್ದೇ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವ ಖರ್ಚಿಗಿಂತ ಜಾಸ್ತಿಯಾದರೆ ಅದು ಇಲ್ಲೇ ಉಳಿಯಬೇಕು. ಈ ಲೆಕ್ಕದಲ್ಲಿ ಸೋಫಾ, ಮಂಚ, ಹಾಸಿಗೆ, ಪ್ಲಾಸ್ಟಿಕ್ ಕುರ್ಚಿಗಳು, ಟಿವಿ ಸ್ಟ್ಯಾಂಡ್ ಎಲ್ಲ ಹೋದವು. ಸೋಫಾವನ್ನು ಕೆಳಗಿನ ಮಹಡಿಯ ಹುಡುಗರು ತೆಗೆದುಕೊಂಡರು. ಮಂಚ ಆನ್‌ಲೈನಿನಲ್ಲಿ ಹಾಕಿದ್ದಕ್ಕೆ ಹೋಯಿತು. ಹಳೆ ಪೇಪರ್, ತಗಡು, ಕೆಟ್ಟ ಮಿಕ್ಸಿ ಗುಜರಿಯವರಿಗೆ ಕೊಟ್ಟೆವು. ಎಲ್ಲ ಸೇರಿ 9,500 ರೂಪಾಯಿ ಬಂತು. ಮಾರುವ ಕೆಲಸವನ್ನು ಕೊನೆಯ ವಾರಕ್ಕೆ ಇಡಬೇಡಿ. ನೀವು ಅವಸರದಲ್ಲಿದ್ದೀರಿ ಎಂದು ಗೊತ್ತಾದ ಕೂಡಲೇ ಕೊಳ್ಳುವವರು ಅರ್ಧ ಬೆಲೆಗೆ ಕೇಳುತ್ತಾರೆ.

ಬೀರು ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಅಮ್ಮನ ಮದುವೆಗೆ ಅಜ್ಜ ಕೊಡಿಸಿದ ಕಬ್ಬಿಣದ ಬೀರು. ಮಾರಿದರೆ 3,000 ಬರುತ್ತಿತ್ತು, ಸಾಗಿಸಲು ಅದಕ್ಕಿಂತ ಹೆಚ್ಚಾಗುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಅದೊಂದು ಬಿಟ್ಟು ಏನು ಬೇಕಾದರೂ ಮಾರು ಪುಟ್ಟಿ" ಎಂದರು. ಮಾರಲಿಲ್ಲ. ನಲವತ್ತು ವರ್ಷ ಜೊತೆಗಿದ್ದ ವಸ್ತುವಿಗೆ ಲಾರಿಯ ದರ ಹಾಕಿ ನೋಡುವುದು ನನಗೂ ಸರಿ ಅನಿಸಲಿಲ್ಲ. ಬದಲಿಗೆ ಅದರ ಒಳಗಿನ ಜಾಗ ವ್ಯರ್ಥವಾಗದಂತೆ ಮಾಡಿದೆವು. ಹೊದಿಕೆ, ದಿಂಬು, ಬಟ್ಟೆಗಳನ್ನು ಅದರೊಳಗೇ ತುಂಬಿ, ಬೀಗ ಹಾಕಿ, ಬಾಗಿಲಿನ ಸುತ್ತ ಹಗ್ಗ ಬಿಗಿದೆವು. ಭಾರದ್ದು, ಒಡೆಯುವುದು ಯಾವುದನ್ನೂ ಬೀರುವಿನಲ್ಲಿ ಇಡಬೇಡಿ. ಎತ್ತುವವರ ಬೆನ್ನು ಹೋಗುತ್ತದೆ, ಬೀರುವಿನ ಕಾಲೂ ಹೋಗುತ್ತದೆ.

ದಿನ ಗೊತ್ತು ಮಾಡುವಾಗ ಇನ್ನೊಂದು ವಿಷಯ ಬಂತು. ಆಷಾಢ ಹತ್ತಿರದಲ್ಲಿತ್ತು. ಆಷಾಢದಲ್ಲಿ ಹೊಸ ಮನೆಗೆ ಹೋಗುವುದು ಬೇಡ ಎಂದು ಅಮ್ಮ ಪಟ್ಟು ಹಿಡಿದರು. ನಾನು ಕೆಲಸಕ್ಕೆ ಸೇರುವ ದಿನ ಜುಲೈ ಮೊದಲ ವಾರ. ಹಾಗಾಗಿ ಜ್ಯೇಷ್ಠ ಮುಗಿಯುವ ಮೊದಲೇ, ಜೂನ್ ಮೂರನೇ ವಾರದಲ್ಲಿ ಹೊರಡುವುದು ಎಂದಾಯಿತು. ಇದರಿಂದ ಒಂದು ಲಾಭವೂ ಆಯಿತು. ಎಲ್ಲರೂ ತಿಂಗಳ ಕೊನೆಗೆ ಮನೆ ಖಾಲಿ ಮಾಡುವುದರಿಂದ ಆಗ ದರ ಏರುತ್ತದೆ. ತಿಂಗಳ ನಡುವೆ, ವಾರದ ದಿನ ಕೇಳಿದರೆ ಸಾಗಣೆಯವರು ಇಳಿಯುತ್ತಾರೆ. ನಂಬಿಕೆಯ ಅಡ್ಡಿ ಇಲ್ಲದವರು ಆಷಾಢದಲ್ಲೇ ವಿಚಾರಿಸಿ ನೋಡಿ. ಆಗ ಮನೆ ಬದಲಿಸುವವರು ಕಡಿಮೆ, ಚೌಕಾಸಿಗೆ ಅವಕಾಶ ಹೆಚ್ಚು.

ಗ್ಯಾಸ್ ಕನೆಕ್ಷನ್ ಇಷ್ಟು ಸತಾಯಿಸುತ್ತದೆ ಎಂದು ನಾನು ಎಣಿಸಿರಲಿಲ್ಲ. ಬೇರೆ ಊರಿಗೆ ಹೋಗುವಾಗ ಸಿಲಿಂಡರ್ ಮತ್ತು ರೆಗ್ಯುಲೇಟರ್ ಏಜೆನ್ಸಿಗೆ ವಾಪಸ್ ಕೊಟ್ಟು, ಕನೆಕ್ಷನ್ ಮುಗಿಸಿದ್ದಕ್ಕೆ ಕೊಡುವ ಟರ್ಮಿನೇಷನ್ ವೋಚರ್ ಪಡೆದು, ಠೇವಣಿ ಹಿಂಪಡೆಯಬೇಕು. ಅದೇ ವೋಚರ್ ತೋರಿಸಿದರೆ ಹೊಸ ಊರಿನಲ್ಲಿ ಕನೆಕ್ಷನ್ ಸಿಗುತ್ತದೆ. ತುಂಬಿದ ಸಿಲಿಂಡರನ್ನು ರೈಲಿನಲ್ಲಿ ಒಯ್ಯುವಂತಿಲ್ಲ, ಮನೆ ಸಾಮಾನಿನ ಲಾರಿಯವರೂ ಹಾಕಿಕೊಳ್ಳುವುದಿಲ್ಲ. ನಮ್ಮ ಕನೆಕ್ಷನ್ ಅಪ್ಪನ ಹೆಸರಿನಲ್ಲೇ ಇತ್ತು. ಅಪ್ಪ ತೀರಿಕೊಂಡು ಕೆಲವು ವರ್ಷಗಳಾಗಿವೆ. ಅಮ್ಮ ಪ್ರತಿ ತಿಂಗಳು ಅದೇ ಹೆಸರಿನಲ್ಲಿ ಸಿಲಿಂಡರ್ ಬುಕ್ ಮಾಡುತ್ತಿದ್ದರು. ಹೆಸರು ಬದಲಾಗದೆ ಠೇವಣಿ ಕೊಡಲು ಬರುವುದಿಲ್ಲ ಎಂದರು ಏಜೆನ್ಸಿಯವರು. ಮರಣ ಪ್ರಮಾಣಪತ್ರ, ಅಮ್ಮನ ಕೆವೈಸಿ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಕನೆಕ್ಷನ್ ಪಡೆದಾಗ ಕೊಟ್ಟಿದ್ದ ಮೂಲ ಸಬ್‌ಸ್ಕ್ರಿಪ್ಷನ್ ವೋಚರ್ ಎಲ್ಲ ಬೇಕಾಯಿತು. ವೋಚರ್ ಅಪ್ಪನ ಹಳೇ ಫೈಲಿನಲ್ಲಿ ಸಿಕ್ಕಿತು. ಅದರ ಮೇಲೆ ಅಪ್ಪನ ಸಹಿ ಇತ್ತು. ಅದನ್ನು ಕೌಂಟರಿನಲ್ಲಿ ಕೊಟ್ಟು ಬರುವಾಗ ಅಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಸಹಿ ಇರುವ ಆ ಹಾಳೆಯ ಫೋಟೋ ತೆಗೆದಿಟ್ಟುಕೊಂಡಿದ್ದೇವೆ.

ಇಲ್ಲಿ ಗೊತ್ತಿರಬೇಕಾದ್ದು: ವಾಪಸ್ ಬರುವುದು ಇಂದಿನ ಠೇವಣಿ ದರವಲ್ಲ, ನಿಮ್ಮ ಸಬ್‌ಸ್ಕ್ರಿಪ್ಷನ್ ವೋಚರಿನಲ್ಲಿ ಬರೆದಿರುವ ಮೊತ್ತ. ಹಳೆಯ ಕನೆಕ್ಷನ್ ಆಗಿದ್ದರೆ ಅದು ತುಂಬ ಸಣ್ಣದು. ಆದರೂ ಕನೆಕ್ಷನ್ನನ್ನು ಹಾಗೇ ಬಿಟ್ಟು ಬರಬೇಡಿ, ಹೊಸ ಊರಿನಲ್ಲಿ ಅಡ್ಡ ಬರಬಹುದು. ತೀರಿಕೊಂಡವರ ಹೆಸರಿನಲ್ಲಿ ಏನೇ ಇದ್ದರೂ, ಗ್ಯಾಸ್ ಇರಲಿ, ವಾಹನ ಇರಲಿ, ಊರು ಬಿಡುವ ಯೋಚನೆ ಬಂದ ದಿನವೇ ಅದನ್ನು ಶುರು ಮಾಡಿ. ಬೇರೆಲ್ಲಕ್ಕಿಂತ ಹೆಚ್ಚು ಸಮಯ ಅದಕ್ಕೇ ಹೋಗುತ್ತದೆ.

ಸ್ಕೂಟರಿನದ್ದು ಇನ್ನೊಂದು ಕಥೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಹನ ಇಟ್ಟುಕೊಳ್ಳುವುದಾದರೆ ಅಲ್ಲಿನ ನೋಂದಣಿ ಸಂಖ್ಯೆ ಮಾಡಿಸಿಕೊಳ್ಳಬೇಕು. ಅದಕ್ಕೆ ನಮ್ಮ ಆರ್‌ಟಿಒದಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಬೇಕು, ಫಾರ್ಮ್ 28. ಬೆಂಗಳೂರಿನಲ್ಲಿ ಇರುವಾಗಲೇ ಇದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಅರ್ಜಿ ಹಾಕುವ ಮೊದಲು ಟ್ರಾಫಿಕ್ ದಂಡ ಬಾಕಿ ಇದೆಯಾ ನೋಡಿ, ಇದ್ದರೆ ಕಟ್ಟಿ ಮುಗಿಸಿ. ಹೊಗೆ ತಪಾಸಣೆ ಮತ್ತು ವಿಮೆ ಚಾಲ್ತಿಯಲ್ಲಿರಲಿ.

ಸ್ಕೂಟರನ್ನು ರೈಲ್ವೆ ಪಾರ್ಸೆಲ್ಲಿನಲ್ಲಿ ಕಳಿಸಿದೆ. ರೈಲಿನಲ್ಲಿ ಎರಡು ರೀತಿ ಕಳಿಸಬಹುದು. ನಿಮ್ಮ ಟಿಕೆಟ್ ಮೇಲೆ ನೀವು ಹೋಗುವ ರೈಲಿನಲ್ಲೇ ಲಗೇಜ್ ಎಂದು ಬುಕ್ ಮಾಡಬಹುದು. ಇಲ್ಲವೇ ಟಿಕೆಟ್ ಇಲ್ಲದೆ ಪಾರ್ಸೆಲ್ ಎಂದು ಬುಕ್ ಮಾಡಬಹುದು. ಲಗೇಜ್ ದರ ಜಾಸ್ತಿ. ಪಾರ್ಸೆಲ್ ಅಗ್ಗ, ಆದರೆ ಜಾಗ ಇದ್ದ ರೈಲಿನಲ್ಲಿ ಹೋಗುತ್ತದೆ, ಅವಸರ ಮಾಡುವಂತಿಲ್ಲ. ಆರ್‌ಸಿ ಮತ್ತು ಗುರುತಿನ ಚೀಟಿಯ ಜೆರಾಕ್ಸ್ ಕೊಡಬೇಕು. ಟ್ಯಾಂಕಿನಲ್ಲಿ ಒಂದು ಹನಿ ಪೆಟ್ರೋಲ್ ಇರಬಾರದು. ನಾನು ಹಿಂದಿನ ದಿನಗಳಿಂದಲೇ ಲೆಕ್ಕ ಹಾಕಿ ಪೆಟ್ರೋಲ್ ಹಾಕಿಸುವುದು ನಿಲ್ಲಿಸಿದ್ದೆ. ಪಾರ್ಸೆಲ್ ಕಚೇರಿಯ ಹೊರಗೆ ಪ್ಯಾಕ್ ಮಾಡುವವರು ಸಿಗುತ್ತಾರೆ. ಹುಲ್ಲು, ರಟ್ಟು, ಗೋಣಿತಟ್ಟು ಸುತ್ತಿ ಹೊಲಿದು ಕೊಡುತ್ತಾರೆ. ಕನ್ನಡಿಗಳನ್ನು ಮೊದಲೇ ಬಿಚ್ಚಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ಹೆಸರು, ಫೋನ್ ನಂಬರ್, ಹೊರಡುವ ಮತ್ತು ಇಳಿಯುವ ನಿಲ್ದಾಣವನ್ನು ಅಳಿಸದ ಮಾರ್ಕರಿನಲ್ಲಿ ಎರಡು ಕಡೆ ಬರೆಯಿರಿ. ಪ್ಯಾಕಿಂಗ್ ಸೇರಿ 3,000 ರೂಪಾಯಿ ಆಯಿತು.

ಪುಸ್ತಕ ಮತ್ತು ಪಾತ್ರೆಯ ಗಂಟುಗಳನ್ನೂ ಹಾಗೇ ಬುಕ್ ಮಾಡಿದೆ. ಒಬ್ಬರು ಎತ್ತುವಷ್ಟೇ ಭಾರದ ಗಂಟು ಕಟ್ಟಿ. ಪಾತ್ರೆಗಳ ನಡುವೆ ಅಮ್ಮನ ಹಳೆ ಕಾಟನ್ ಸೀರೆಗಳನ್ನು ಸುತ್ತಿದೆವು. ಬಬಲ್ ರ‍್ಯಾಪ್ ಕೊಳ್ಳಲೇ ಇಲ್ಲ. ಫಾರ್ವರ್ಡಿಂಗ್ ನೋಟ್ ಎಂಬ ಅರ್ಜಿ ತುಂಬಬೇಕು. ಅದರಲ್ಲಿ ಸಾಮಾನಿನ ಬೆಲೆ ಘೋಷಿಸುವ ಜಾಗ ಇದೆ. ಬೆಲೆ ಘೋಷಿಸಿ ಅದಕ್ಕೆ ಹೆಚ್ಚುವರಿ ಹಣ ಕಟ್ಟದಿದ್ದರೆ, ಕಳೆದುಹೋದಾಗ ಪಾರ್ಸೆಲ್ಲಿಗೆ ಕಿಲೋಗೆ 50 ರೂಪಾಯಿ, ಲಗೇಜಿಗೆ ಕಿಲೋಗೆ 100 ರೂಪಾಯಿ ಅಷ್ಟೇ ಪರಿಹಾರದ ಮಿತಿ. ಹಿತ್ತಾಳೆ ಸಾಮಾನು ಇದ್ದ ಗಂಟಿಗೆ ನಾನು ಬೆಲೆ ಬರೆದೆ, ಉಳಿದದ್ದಕ್ಕೆ ಬರೆಯಲಿಲ್ಲ. ನಿಮ್ಮ ಊರಿನಿಂದಲೇ ಹೊರಡುವ ರೈಲನ್ನು ಆರಿಸಿಕೊಂಡರೆ ತುಂಬಲು ಸಮಯ ಸಿಗುತ್ತದೆ. ನಡುವಿನ ನಿಲ್ದಾಣದಲ್ಲಿ ಎರಡು ನಿಮಿಷ ನಿಲ್ಲುವ ರೈಲಿಗೆ ಪಾರ್ಸೆಲ್ ಹಾಕಲು ಆಗುವುದಿಲ್ಲ.

ಲಾರಿಗೆ ಕೊನೆಗೆ ಒಪ್ಪಿಕೊಂಡದ್ದು ಮನೆಗೆ ಬಂದು ಪಟ್ಟಿ ಮಾಡಿಕೊಂಡ ಒಂದು ಮಧ್ಯಮ ದರದ ಸಂಸ್ಥೆಯನ್ನು. ಸೋಫಾ, ಮಂಚ, ಪುಸ್ತಕ ಕಳೆದ ಮೇಲೆ ಅವರ 26,000 ಇಳಿದು 17,500ಕ್ಕೆ ಬಂತು, ಜಿಎಸ್‌ಟಿ ಸೇರಿ. ಬಾಯಿಮಾತಿಗೆ ಒಪ್ಪಲಿಲ್ಲ. ಪ್ಯಾಕಿಂಗ್, ಎರಡನೇ ಮಹಡಿಯಿಂದ ಇಳಿಸುವುದು, ಪುಣೆಯಲ್ಲಿ ಮೇಲೆ ಏರಿಸುವುದು, ಟೋಲ್, ಜಿಎಸ್‌ಟಿ ಎಲ್ಲ ಸೇರಿದೆ ಎಂದು ವಾಟ್ಸಾಪಿನಲ್ಲಿ ಬರೆಸಿಕೊಂಡೆ. ಒಬ್ಬರ ಕೊಟೇಷನ್ನಿನಲ್ಲಿ ಆಕ್ಟ್ರಾಯ್, ಅಂದರೆ ಊರಿನೊಳಗೆ ಬರುವ ಸರಕಿನ ಮೇಲಿನ ಸುಂಕ, ಎಂದು 1,200 ಇತ್ತು. 2017ರಲ್ಲಿ ಜಿಎಸ್‌ಟಿ ಬಂದಾಗಲೇ ಆಕ್ಟ್ರಾಯ್ ಹೋಗಿದೆ, ಅಲ್ವಾ? ಅಂಥ ಸಾಲು ಕಂಡರೆ ಕೇಳಿ ತೆಗೆಸಿ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ದಾಖಲೆ) ಕೂಡ ಬೇಕಿಲ್ಲ. ಆದರೂ ಇವು ನಮ್ಮ ಸ್ವಂತ ಬಳಕೆಯ ವಸ್ತುಗಳು, ಮಾರಾಟಕ್ಕಲ್ಲ ಎಂಬ ಪತ್ರ, ಸಾಮಾನಿನ ಪಟ್ಟಿ, ಆಧಾರ್ ಜೆರಾಕ್ಸ್, ಇಷ್ಟನ್ನು ಚಾಲಕರ ಕೈಯಲ್ಲಿ ಕೊಡಿ. ನಿಪ್ಪಾಣಿ ದಾಟುವಾಗ ದಾರಿಯಲ್ಲಿ ತಡೆದು ಕೇಳಿದರು, ಪತ್ರ ತೋರಿಸಿದ ಕೂಡಲೇ ಬಿಟ್ಟರು ಎಂದು ಚಾಲಕರು ಆಮೇಲೆ ಹೇಳಿದರು.

ವಿಮೆಯ ಬಗ್ಗೆ ಒಂದು ಮಾತು. ಟ್ರಾನ್ಸಿಟ್ ಇನ್ಶೂರೆನ್ಸ್ ಎಂದು ಹೇಳಿದ ಬೆಲೆಯ ಮೇಲೆ 3 ಶೇಕಡಾ ಕೇಳಿದರು. ಪಾಲಿಸಿ ನಂಬರ್ ಕೊಡಿ, ಯಾವ ವಿಮಾ ಕಂಪನಿ ಎಂದು ಕೇಳಿದೆ. ಇಲ್ಲ, ಇದು ನಮ್ಮದೇ ರಿಸ್ಕ್ ಚಾರ್ಜ್ ಎಂದರು. ಎರಡೂ ಬೇರೆ ಬೇರೆ. ವಿಮಾ ಕಂಪನಿಯ ಪಾಲಿಸಿ ನಿಮ್ಮ ಹೆಸರಿಗೆ ಬರದಿದ್ದರೆ ಅದನ್ನು ವಿಮೆ ಎಂದು ನಂಬಬೇಡಿ. ಲಾರಿ ರಸೀದಿಯ ಮೇಲೆ ಓನರ್ಸ್ ರಿಸ್ಕ್ ಎಂದು ಮುದ್ರಿಸಿರುತ್ತಾರೆ, ಅಂದರೆ ಹಾನಿಯಾದರೆ ಹೊಣೆ ನಮ್ಮದೇ ಎಂದು. ನಮ್ಮ ಲಾರಿಯ ಸಾಮಾನಿನಲ್ಲಿ ದುಬಾರಿ ಎಂದರೆ ಫ್ರಿಜ್ ಒಂದೇ. ವಿಮೆ ಬೇಡ ಎಂದೆ.

ಸಾಮಾನು ತುಂಬುವ ದಿನ ಬೆಳಿಗ್ಗೆ ಎಂಟಕ್ಕೆ ಬರುತ್ತೇವೆ ಎಂದವರು ಬಂದದ್ದು ಮಧ್ಯಾಹ್ನ. ಫ್ರಿಜ್ಜನ್ನು ಹಿಂದಿನ ರಾತ್ರಿಯೇ ಆಫ್ ಮಾಡಿ, ಐಸ್ ಕರಗಿಸಿ, ಒರೆಸಿ, ಬಾಗಿಲ ಸಂದಿಯಲ್ಲಿ ಬಟ್ಟೆ ಇಟ್ಟಿದ್ದೆ. ಫ್ರಂಟ್ ಲೋಡ್ ವಾಷಿಂಗ್ ಮಷೀನ್ ಇರುವವರು ಅದರ ಜೊತೆ ಬಂದಿದ್ದ ಟ್ರಾನ್ಸಿಟ್ ಬೋಲ್ಟ್‌ಗಳನ್ನು ಹುಡುಕಿ ಹಾಕಿಸಿ, ಇಲ್ಲದಿದ್ದರೆ ಡ್ರಮ್ ಅಲುಗಾಡಿ ಹಾಳಾಗುತ್ತದೆ. ಅರ್ಧ ಸಾಮಾನು ಕೆಳಗೆ ಇಳಿದ ಮೇಲೆ ಮೇಸ್ತ್ರಿ ಶುರು ಮಾಡಿದರು. ಲಿಫ್ಟ್ ಇಲ್ಲ, ಬೀರು ಭಾರ, ಇನ್ನೂ 2,500 ಆಗುತ್ತೆ ಮೇಡಂ ಎಂದರು. ಇದು ಎಲ್ಲರಿಗೂ ಆಗುವುದೇ. ಸಾಮಾನು ಅರ್ಧ ಲಾರಿಯಲ್ಲಿ, ಅರ್ಧ ರಸ್ತೆಯಲ್ಲಿ ಇರುವಾಗ ಯಾರಾದರೂ ಹೆದರುತ್ತಾರೆ. ನನಗೂ ಕೈ ತಣ್ಣಗಾಯಿತು. ವಾಟ್ಸಾಪಿನಲ್ಲಿ ಬರೆದದ್ದನ್ನು ತೋರಿಸಿ, ಅವರ ಕಚೇರಿಗೆ ಫೋನ್ ಮಾಡಿ ಸ್ಪೀಕರಿನಲ್ಲಿ ಇಟ್ಟೆ. ಮಾತು ಅಲ್ಲಿಗೇ ನಿಂತಿತು. ಎತ್ತಿದ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಅಮ್ಮ ಊಟ ಹಾಕಿದರು, ನಾನು ಕೈಗೆ ಒಂದಿಷ್ಟು ಕೊಟ್ಟೆ. ಲಾರಿ ನಂಬರಿನ ಫೋಟೋ, ಚಾಲಕರ ಫೋನ್, ಡಬ್ಬಗಳ ಸಂಖ್ಯೆ ಬರೆದ ಲಾರಿ ರಸೀದಿ, ಇಷ್ಟು ಕೈಯಲ್ಲಿ ಇಲ್ಲದೆ ಲಾರಿ ಬಿಡಬೇಡಿ. ಪೂರ್ತಿ ಹಣವನ್ನೂ ಕೊಡಬೇಡಿ. ನಾನು ಅರ್ಧ ಕೊಟ್ಟು, ಉಳಿದದ್ದು ಇಳಿಸಿದ ಮೇಲೆ ಎಂದಿದ್ದೆ.

ಮನೆ ಮಾಲೀಕರ ಜೊತೆ ಲೆಕ್ಕ ಮುಗಿಸುವುದು ಇನ್ನೂ ಇತ್ತು. ತಿಂಗಳ ಬಾಡಿಗೆ 14,000, ಅಡ್ವಾನ್ಸ್ ಒಂದು ಲಕ್ಷ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಬೆಂಗಳೂರಿನ ರೂಢಿ, ಕರಾರಿನಲ್ಲೂ ಬರೆದಿತ್ತು. ತೊಂದರೆಯಾದದ್ದು ಬೇರೆ ವಿಷಯಕ್ಕೆ. ಹೊಸ ಬಾಡಿಗೆದಾರರು ಬಂದ ಮೇಲೆ ಕೊಡುತ್ತೇನೆ ಎಂದು ಉಳಿದ 86,000ವನ್ನು ಮಾಲೀಕರು ತಕ್ಷಣ ಕೊಡಲಿಲ್ಲ. ಅಷ್ಟರಲ್ಲಿ ಪುಣೆಯ ಮನೆಗೆ ಅಡ್ವಾನ್ಸ್ ಕೊಡಬೇಕಿತ್ತು. ಊರು ಬಿಡುವವರು ಎರಡು ಅಡ್ವಾನ್ಸ್ ಒಟ್ಟಿಗೆ ಹೊರಗೆ ಇರುವ ಒಂದು ತಿಂಗಳಿಗೆ ಹಣ ಹೊಂದಿಸಿಕೊಂಡೇ ಹೊರಡಬೇಕು. ಸಾಗಣೆಯ ಖರ್ಚಿಗಿಂತ ಇದೇ ದೊಡ್ಡ ಹೊರೆ. ನಾನು ಕರೆಂಟ್ ಬಿಲ್ ಕಟ್ಟಿದ ರಸೀದಿ, ಮನೆಯ ಒಂದೊಂದು ಮೂಲೆಯ ವಿಡಿಯೋ, ಬೀಗದ ಕೈ ಕೊಟ್ಟ ದಿನಾಂಕಕ್ಕೆ ಅವರ ಸಹಿ, ಎಲ್ಲ ಇಟ್ಟುಕೊಂಡು ಹೊರಟೆ.

ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟೆವು. ಥರ್ಡ್ ಎಸಿಯಲ್ಲಿ ಒಬ್ಬರಿಗೆ 40 ಕಿಲೋ ಸಾಮಾನು ಉಚಿತ, ಇಬ್ಬರಿಗೆ 80. ಅದನ್ನು ಪೂರ್ತಿ ಬಳಸಿಕೊಂಡೆವು. ಎರಡು ಚಾಪೆ, ಇಂಡಕ್ಷನ್ ಒಲೆ, ಒಂದು ಕುಕ್ಕರ್, ಎರಡು ತಟ್ಟೆ, ಬೇಳೆ, ಅಕ್ಕಿ, ಅಮ್ಮನ ಬಿಪಿ ಮಾತ್ರೆ, ಹಾಸಿ ಹೊದೆಯಲು ಬೆಡ್‌ಶೀಟ್, ಬಕೆಟ್. ಲಾರಿ ಬರುವವರೆಗೆ ಖಾಲಿ ಮನೆಯಲ್ಲಿ ಬದುಕಲು ಬೇಕಾದಷ್ಟು. ಒಡವೆ, ದಾಖಲೆಗಳ ಫೈಲ್, ದೇವರ ಮನೆಯ ವಿಗ್ರಹಗಳು ಅಮ್ಮನ ಮಡಿಲಿನ ಚೀಲದಲ್ಲಿ. ಗಿಡಗಳನ್ನು ಲಾರಿಯವರು ಒಯ್ಯುವುದಿಲ್ಲ. ಕುಂಡಗಳನ್ನೆಲ್ಲ ಅಕ್ಕಪಕ್ಕದವರಿಗೆ ಹಂಚಿ, ತುಳಸಿಯ ಒಂದು ಸಸಿಯನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದೆವು. ಕಲಬುರಗಿ ದಾಟುವಾಗ ಅಮ್ಮ, "ಇಲ್ಲಿಯವರೆಗೂ ನಮ್ಮೂರೇ ಕಣೇ" ಎಂದರು. ಆಮೇಲೆ ಸೊಲ್ಲಾಪುರ ಬರುವವರೆಗೂ ಕಿಟಕಿ ಬಿಟ್ಟು ಕದಲಲಿಲ್ಲ.

ಪುಣೆಯ ಕಡೆಯ ನಿಯಮಗಳು ಬೆಂಗಳೂರಿನವರಿಗೆ ಹೊಸದು. ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಅದನ್ನು ಲೀವ್ ಅಂಡ್ ಲೈಸೆನ್ಸ್ ಎನ್ನುತ್ತಾರೆ. ನಮ್ಮಲ್ಲಿ ಸ್ಟ್ಯಾಂಪ್ ಪೇಪರಿನಲ್ಲಿ ಬರೆದು ನೋಟರಿ ಮಾಡಿಸಿ ಮುಗಿಸುವ ಹಾಗಲ್ಲ. ಎಲ್ಲ ಆನ್‌ಲೈನಿನಲ್ಲೇ ಆಗುತ್ತದೆ. ಏಜೆಂಟ್ ಬೆರಳಚ್ಚಿನ ಯಂತ್ರ ಹಿಡಿದು ಮನೆಗೇ ಬರುತ್ತಾರೆ. ಮಾಲೀಕರು, ಬಾಡಿಗೆದಾರರು, ಸಾಕ್ಷಿಗಳು ಆಧಾರ್ ನಂಬರ್ ಕೊಟ್ಟು ಬೆರಳೊತ್ತಬೇಕು. ಸ್ಟ್ಯಾಂಪ್ ಶುಲ್ಕ ಒಟ್ಟು ಬಾಡಿಗೆಯ 0.25 ಶೇಕಡಾ ಲೆಕ್ಕದಲ್ಲಿ, ನಗರದಲ್ಲಿ ನೋಂದಣಿ ಶುಲ್ಕ 1,000. ಏಜೆಂಟರ ಫೀಸ್ ಸೇರಿ 3,500 ಆಯಿತು. ಬಾಡಿಗೆ 17,000, ಆದರೆ ಅಡ್ವಾನ್ಸ್ ಎರಡೇ ತಿಂಗಳದ್ದು. ಬೆಂಗಳೂರಿನ ಅಡ್ವಾನ್ಸ್ ನೋಡಿದವರಿಗೆ ಇದು ದೊಡ್ಡ ಸಮಾಧಾನ. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ ಹೋಯಿತು. ನೋಂದಾಯಿಸಿದ ಈ ಕರಾರು ಬ್ಯಾಂಕು, ಪೈಪ್ ಗ್ಯಾಸ್, ಆಧಾರ್ ಎಲ್ಲ ಕಡೆಯೂ ವಿಳಾಸದ ದಾಖಲೆಯಾಗಿ ನಡೆಯುತ್ತದೆ, ಅದಕ್ಕೇ ಇದನ್ನು ಮೊದಲು ಮುಗಿಸಿ. ಬಾಡಿಗೆದಾರರ ಮಾಹಿತಿಯನ್ನು ಪೊಲೀಸರಿಗೂ ಕೊಡಬೇಕು.

ಅಪಾರ್ಟ್‌ಮೆಂಟ್ ಸೊಸೈಟಿಯ ನಿಯಮ ಕೇಳದೆ ಲಾರಿಯ ದಿನ ಗೊತ್ತು ಮಾಡಬೇಡಿ. ನಮ್ಮ ಸೊಸೈಟಿಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ ಸಾಮಾನು ತರಬಹುದು. ಮಾಲೀಕರ ಪತ್ರ ಮತ್ತು ಕರಾರಿನ ಪ್ರತಿ ಗೇಟಿನಲ್ಲಿ ಮೊದಲೇ ಕೊಟ್ಟಿರಬೇಕು.

ಇಷ್ಟೆಲ್ಲ ನೋಡಿಕೊಂಡರೂ ಯಾರೂ ಹೇಳದ ಒಂದು ವಿಷಯ ಎದುರಾಯಿತು. ಆಷಾಢ ತಪ್ಪಿಸಲು ನಾವು ಆರಿಸಿದ ವಾರದಲ್ಲೇ ಪಂಢರಪುರದ ವಾರಿ, ಅಂದರೆ ವಿಠ್ಠಲನ ದರ್ಶನಕ್ಕೆ ಹೋಗುವ ಕಾಲ್ನಡಿಗೆಯ ಯಾತ್ರೆ, ಪುಣೆಗೆ ಬರುತ್ತದೆ. ಆಳಂದಿಯಿಂದ ಸಂತ ಜ್ಞಾನೇಶ್ವರರ ಪಾಲಖಿ (ಪಲ್ಲಕ್ಕಿ), ದೇಹುವಿನಿಂದ ತುಕಾರಾಮರ ಪಾಲಖಿ. ಎರಡೂ ಪುಣೆಯಲ್ಲಿ ತಂಗಿ, ಹಡಪ್ಸರದ ಮೇಲೆಯೇ ಮುಂದೆ ಹೋಗುತ್ತವೆ. ಲಕ್ಷಾಂತರ ಜನ ನಡೆದು ಬರುವಾಗ ರಸ್ತೆ ಮುಚ್ಚದೆ ಇರಲು ಸಾಧ್ಯವೇ ಇಲ್ಲ. ದಾರಿಯಲ್ಲಿ ಗೋಡೌನಿನಲ್ಲಿ ಬೇರೆಯವರ ಸಾಮಾನು ತುಂಬಿಕೊಳ್ಳಲು ನಿಂತು ಮೊದಲೇ ತಡವಾಗಿದ್ದ ನಮ್ಮ ಲಾರಿ, ಸಾತಾರಾ ಕಡೆಯಿಂದ ಬಂದು ಊರಿನ ಹೊರಗೇ ನಿಂತುಬಿಟ್ಟಿತು. ಮಳೆ ಬೇರೆ. ಚಾಲಕರು ಫೋನ್ ಮಾಡಿ, "ಒಳಗೆ ಬಿಡ್ತಾ ಇಲ್ಲ ಮೇಡಂ, ಏನ್ ಮಾಡ್ಲಿ" ಎಂದರು. ಅವರ ದನಿಯಲ್ಲಿ ದಣಿವಿತ್ತು. ತಾಡಪಾಲು ಸರಿಯಾಗಿದೆಯಾ ಅಣ್ಣ, ಊಟ ಆಯಿತಾ ಎಂದಷ್ಟೇ ಕೇಳಲು ಸಾಧ್ಯವಾಯಿತು.

ಅಂದು ನಮಗೂ ಬೇರೆ ಕೆಲಸವಿರಲಿಲ್ಲ. ಅಮ್ಮನನ್ನು ಕರೆದುಕೊಂಡು ರಸ್ತೆಗೆ ಹೋದೆ. ಮಳೆಯಲ್ಲೇ ಪ್ಲಾಸ್ಟಿಕ್ ಹೊದ್ದು, ತಲೆಯ ಮೇಲೆ ತುಳಸಿಯ ಕುಂಡ ಹೊತ್ತ ಹೆಂಗಸರು, ತಾಳ ಹಿಡಿದ ಗಂಡಸರು, ಸಾಲು ಮುಗಿಯುವುದೇ ಇಲ್ಲ. ಪಕ್ಕದಲ್ಲಿ ನಿಂತಿದ್ದ ಒಬ್ಬ ಹಿರಿಯ ಹೆಂಗಸು ಅಮ್ಮನ ಮಾತು ಕೇಳಿ ಕನ್ನಡದಲ್ಲಿ ಮಾತಾಡಿಸಿದರು. ಅಕ್ಕಲಕೋಟೆಯವರಂತೆ, ಅವರ ಮನೆಯಲ್ಲಿ ಕನ್ನಡವೇ. "ಏನ್ ಚಿಂತಿ ಮಾಡಬ್ಯಾಡ್ರಿ, ವಿಠ್ಠಲ ಹೋದ ಮ್ಯಾಲ ನಿಮ್ಮ ಗಾಡಿ ಬರ್ತೈತಿ" ಎಂದರು. ಊರು ಬಿಟ್ಟಾಗಿನಿಂದ ಅಮ್ಮ ಮೊದಲ ಬಾರಿ ಮನಸಾರೆ ನಕ್ಕದ್ದು ಆಗಲೇ. ಆ ಅಜ್ಜಿ ಈಗ ನಮ್ಮ ಮನೆಗೆ ಬಂದು ಹೋಗುತ್ತಾರೆ.

ಜೂನ್, ಜುಲೈಯಲ್ಲಿ ಪುಣೆಗೆ ಬರುವವರು ಆ ವರ್ಷದ ಪಾಲಖಿ ಯಾವಾಗ, ಯಾವ ರಸ್ತೆ ಮುಚ್ಚುತ್ತಾರೆ ಎಂದು ನೋಡಿಕೊಳ್ಳಿ. ಗಣೇಶನ ಹಬ್ಬದ ಕೊನೆಯ ದಿನಗಳಿಗೂ ಇದೇ ಮಾತು.

ರಸ್ತೆ ತೆರೆದ ಮೇಲೆ ಲಾರಿ ಬಂತು. ನಿಂತ ದಿನಕ್ಕೆ ಹಾಲ್ಟಿಂಗ್ ಎಂದು 3,000 ಕೇಳಿದರು. ಗೋಡೌನಿನಲ್ಲಿ ನಿಂತದ್ದು ಅವರ ಕೆಲಸಕ್ಕೆ, ರಸ್ತೆ ಮುಚ್ಚಿದ್ದು ಯಾರ ಕೈಯಲ್ಲೂ ಇರಲಿಲ್ಲ. ಮಾತಾಡಿ 1,000ಕ್ಕೆ ಒಪ್ಪಿದೆವು, ಅದು ಚಾಲಕರ ಕೈಗೇ ಹೋಗಲಿ ಎಂದು ಕೇಳಿಕೊಂಡೆ. ಇಳಿಸುವಾಗ ಒಬ್ಬರು ಕೆಳಗೆ, ಒಬ್ಬರು ಮೇಲೆ ನಿಂತು ಪಟ್ಟಿಗೆ ಟಿಕ್ ಹಾಕಿ. ನಮ್ಮ ಒಂದು ಡಬ್ಬ ಒದ್ದೆಯಾಗಿತ್ತು, ಬೀರುವಿನ ಬಾಗಿಲು ಒಂದು ಕಡೆ ತಗ್ಗಾಗಿತ್ತು. ಸಹಿ ಹಾಕುವ ಮೊದಲು ರಸೀದಿಯ ಮೇಲೆಯೇ ಅದನ್ನು ಬರೆದು, ಉಳಿದ ಹಣದಲ್ಲಿ ಒಂದಿಷ್ಟು ಕಡಿಮೆ ಮಾಡಿಸಿದೆ. ಎಲ್ಲ ಸರಿಯಾಗಿದೆ ಎಂದು ಸಹಿ ಹಾಕಿದ ಮೇಲೆ ಕೇಳಿದರೆ ಯಾರೂ ಕಿವಿ ಕೊಡುವುದಿಲ್ಲ. ಫ್ರಿಜ್ಜನ್ನು ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ ಆಮೇಲೆ ಆನ್ ಮಾಡಿದೆವು.

ರೈಲಿನ ಗಂಟುಗಳು ಮತ್ತು ಸ್ಕೂಟರ್ ಸುರಕ್ಷಿತವಾಗಿ ಬಂದವು. ಪಾರ್ಸೆಲ್ ಬಂದ ಮೇಲೆ ಬಿಡಿಸಿಕೊಳ್ಳಲು ಕೆಲವೇ ಗಂಟೆ ಉಚಿತ ಸಮಯ, ಆಮೇಲೆ ಗಂಟೆಯ ಲೆಕ್ಕದಲ್ಲಿ ವಾರ್ಫೇಜ್ ಎಂಬ ತಡದ ಶುಲ್ಕ ಬೀಳುತ್ತದೆ. ಹಾಗಾಗಿ ರಸೀದಿಯ ನಂಬರ್ ಹಾಕಿ ಎಲ್ಲಿದೆ ಎಂದು ನೋಡುತ್ತಿರಿ. ಮೂಲ ರಸೀದಿ ಮತ್ತು ಗುರುತಿನ ಚೀಟಿ ಇಲ್ಲದೆ ಕೊಡುವುದಿಲ್ಲ. ಸ್ಕೂಟರಿಗೆ ಒಂದು ಬಾಟಲಿ ಪೆಟ್ರೋಲ್ ಬೇಕಾಗುತ್ತದೆ, ಬಂಕ್ ಹತ್ತಿರದಲ್ಲಿ ಇಲ್ಲದಿದ್ದರೆ ತಳ್ಳಬೇಕು.

ಖರ್ಚು ಇಷ್ಟಾಯಿತು: ಲಾರಿಗೆ 17,500, ಹಾಲ್ಟಿಂಗಿಗೆ 1,000, ಪುಸ್ತಕ ಪಾತ್ರೆಯ ಪಾರ್ಸೆಲ್ಲಿಗೆ ಹಮಾಲಿ ಸೇರಿ 2,200, ಸ್ಕೂಟರಿಗೆ 3,000, ನಮ್ಮಿಬ್ಬರ ಟಿಕೆಟ್ಟಿಗೆ 2,800, ಎರಡೂ ಊರಿನಲ್ಲಿ ಸ್ಟೇಷನ್ನಿಗೆ ಟೆಂಪೋ 1,900. ಒಟ್ಟು 28,400. ಬೀರು ತಗ್ಗಾದದ್ದಕ್ಕೆ ಕಳೆದ ಹಣ ಇದರಲ್ಲಿ ಲೆಕ್ಕ ಹಿಡಿದಿಲ್ಲ. ಮಾರಿ ಬಂದ 9,500 ಕಳೆದರೆ ಕೈಯಿಂದ ಹೋದದ್ದು 18,900. ಹೀಗೆ ಉಳಿದ ದುಡ್ಡಿನಲ್ಲಿ ಇಲ್ಲಿ ಸೆಕೆಂಡ್ ಹ್ಯಾಂಡ್ ಮಂಚ ಮತ್ತು ಹೊಸ ಹಾಸಿಗೆ ಬಂದಿವೆ. ಸೋಫಾ ಸದ್ಯಕ್ಕೆ ಬೇಡ ಎಂದು ಅಮ್ಮನೇ ಹೇಳಿದ್ದಾರೆ.

ಬೆಂಗಳೂರಿನ ಅಡ್ವಾನ್ಸ್ ಕಳೆದ ವಾರ ಬಂತು. ವಿಡಿಯೋ ಮತ್ತು ಸಹಿ ಇದ್ದದ್ದರಿಂದ ಬೇರೆ ಕಡಿತದ ಮಾತು ಬರಲಿಲ್ಲ. ಮತದಾರರ ಪಟ್ಟಿಯ ವಿಳಾಸ ಬದಲಿಸಲು ಫಾರ್ಮ್ 8 ತುಂಬಿದ್ದೇನೆ. ಉಳಿದಿರುವುದು ಸ್ಕೂಟರ್. ಇಲ್ಲಿನ ಆರ್‌ಟಿಒದಲ್ಲಿ ಫಾರ್ಮ್ 27 ಕೊಟ್ಟು, ಮಹಾರಾಷ್ಟ್ರದ ತೆರಿಗೆ ಕಟ್ಟಿ ಹೊಸ ನಂಬರ್ ತೆಗೆದುಕೊಳ್ಳಬೇಕು. ಅದಾದ ಮೇಲೆ ಕರ್ನಾಟಕದಲ್ಲಿ ಕಟ್ಟಿದ್ದ ತೆರಿಗೆಯ ಉಳಿದ ಭಾಗಕ್ಕೆ ಅಲ್ಲಿನ ಆರ್‌ಟಿಒಗೆ ಅರ್ಜಿ ಹಾಕಬೇಕು. ತೆರಿಗೆ ಕಟ್ಟಿದ ಹಳೆಯ ರಸೀದಿಯನ್ನು ಅದಕ್ಕೇ ಜೋಪಾನವಾಗಿ ತಂದಿದ್ದೇನೆ. ನೀವೂ ತನ್ನಿ.